ಪಾಸಿನವರಿಗೆ ನಿಲ್ಲದ ಬಸ್ಸು

ಸರಕ್... ಸರಕ್... ಸರಕ್...

ನಡುರಾತ್ರಿ ಆ ಸಣ್ಣ ಸದ್ದಿಗೆ ನೀಲವ್ವನಿಗೆ ಎಚ್ಚರವಾಯಿತು. ಪಡಸಾಲೆಯಲ್ಲಿ ಗಂಡ ಫಕೀರಪ್ಪ ಒಬ್ಬರೇ ಕುಳಿತು ಬೂಟಿಗೆ ಬ್ರಷ್ ಹಾಕುತ್ತಿದ್ದರು.

ಬಸ್ ಡ್ರೈವರ್ ಆಗಿ ನಿವೃತ್ತರಾದ ಮೇಲೆ ಅವರು ಬೂಟು ಮುಟ್ಟಿದವರೇ ಅಲ್ಲ.

"ಎಲ್ಲಿಗಿ ಹೊಂಟೀರಿ?"

"ಎಲ್ಲಿಗೂ ಇಲ್ಲ. ನೀ ಮಕ್ಕೋ."

ಕೆಲವು ದಿನಗಳಿಂದ ಅವರ ನಡೆಯೇ ಬೇರೆ... ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿ, ಕೈಯಲ್ಲೊಂದು ಬ್ಯಾಗ್ ಹಿಡಿದು ಹೋಗುತ್ತಾರೆ. ಕೇಳಿದರೆ ಹೇಳುವುದಿಲ್ಲ. ನನಗೆ ತಿಳಿಸದೆ ಯಾವುದಾದರೂ ಆಸ್ಪತ್ರೆಗೆ ಓಡಾಡುತ್ತಿದ್ದಾರೋ ಏನೋ... ನೀಲವ್ವನಿಗೆ ಮತ್ತೆ ನಿದ್ದೆ ಹತ್ತಲಿಲ್ಲ.

ಪಕ್ಕದ ಮನೆಯಲ್ಲೂ ಆ ರಾತ್ರಿ ಯಾರೂ ಮಲಗಿರಲಿಲ್ಲ. ಆ ಮನೆಯ ಮಗ ಯಮನೂರನದು ಬಿ.ಎಸ್ಸಿ. ಕೊನೆಯ ವರ್ಷ. ಬೆಳಗಾದರೆ ಪ್ರಾಕ್ಟಿಕಲ್ ಪರೀಕ್ಷೆ. ತಪ್ಪಿದರೆ ಒಂದು ವರ್ಷವೇ ಹೋಯಿತು.

ಅವನಿಗೆ ಪರೀಕ್ಷೆಯ ಭಯವಿರಲಿಲ್ಲ... ಬಸ್ಸಿನ ಭಯವಿತ್ತು.

ಆ ಊರಿನ ಸ್ಟಾಪಿನಲ್ಲಿ ನಿಲ್ಲುವವರು ಹೆಚ್ಚಾಗಿ ಸ್ಟೂಡೆಂಟ್ ಪಾಸಿನವರು. ದೂರದಿಂದ ಹೆಗಲ ಮೇಲಿನ ಕಾಲೇಜ್ ಬ್ಯಾಗ್ ಕಂಡರೆ ಸಾಕು, ಬಸ್ಸಿನ ವೇಗ ಹೆಚ್ಚುತ್ತದೆ. ಮಕ್ಕಳ ಮುಖಕ್ಕೆ ಧೂಳು ಎರಚಿ ಹೋಗಿಬಿಡುತ್ತದೆ.

ಪಾಸ್ ಏನು ಭಿಕ್ಷೆಯೇ? ಅರ್ಜಿ ಹಾಕಿ, ಸಾಲಿನಲ್ಲಿ ನಿಂತು, ದುಡ್ಡು ಕಟ್ಟಿ ಪಡೆದದ್ದು. ಆದರೂ ಅದನ್ನು ಹಿಡಿದ ಮಕ್ಕಳು ಎಲ್ಲರಿಗೂ ಭಾರ...

ಬೆಳಿಗ್ಗೆ ನೀಲವ್ವ ತಲೆ ಮೇಲೆ ಸೆರಗು ಹೊದ್ದು ಗಂಡನ ಹಿಂದೆಯೇ ಹೋದಳು. ಸ್ಟಾಪಿನ ಎದುರಿನ ಹಿಟ್ಟಿನ ಗಿರಣಿಯ ಗೋಡೆಗೆ ಮರೆಯಾಗಿ ನಿಂತಳು.

ರಸ್ತೆಯಲ್ಲಿ ಫಕೀರಪ್ಪ ಒಬ್ಬರೇ. ಮಿಂಚುವ ಬೂಟು, ಬಿಳಿ ಅಂಗಿ, ಕೈಯಲ್ಲಿ ಬ್ಯಾಗ್. ಯಾರು ನೋಡಿದರೂ ಟಿಕೆಟ್ ತೆಗೆದುಕೊಳ್ಳುವ ಗಿರಾಕಿ ಅನ್ನಬೇಕು.

ಬಸ್ಸು ಬಂತು. ಅವರು ಕೈ ತೋರಿಸಿದರು. ನಿಂತಿತು.

ಅಷ್ಟೇ... ಜಾಲಿಬೇಲಿಯ ಹಿಂದೆ ಬಗ್ಗಿ ಕುಳಿತಿದ್ದ ಕಾಲೇಜು ಹುಡುಗರು ಎದ್ದು ಓಡಿ ಬಂದರು. ಯಮನೂರ ಎಲ್ಲರಿಗಿಂತ ಮುಂದೆ.

ನೀಲವ್ವನಿಗೆ ಆಗ ಅರ್ಥವಾಯಿತು. ಗಂಡ ಎಲ್ಲಿಗೂ ಹೋಗುತ್ತಿರಲಿಲ್ಲ. ಬಸ್ಸು ನಿಲ್ಲಿಸಲು ನಿಲ್ಲುತ್ತಿದ್ದರು.

ಆದರೆ ಅವತ್ತು ಡ್ರೈವರ್ ಬೇರೆ.

"ಏನ್ ಗುರುಗಳ, ಮದಿವಿ ಗಂಡಿನಂಗ ತಯಾರಾಗೀರಿ," ಎಂದು ಕಿಟಕಿಯಿಂದ ನಕ್ಕವನು ಶೇಖರ. ಹಿಂದೆ ಫಕೀರಪ್ಪನವರ ಕೈಕೆಳಗೆ ರೂಟ್ ಕಲಿತವನು. ಹುಡುಗರನ್ನು ನೋಡಿದ್ದೇ ಅವನ ನಗು ಮಾಯವಾಯಿತು.

ಕಂಡಕ್ಟರ್ ಬಾಗಿಲಿಗೆ ಅಡ್ಡ ನಿಂತ. "ಪಾಸ್‌ನವರು ಹಿಂದಿನ ಬಸ್ಸಿಗೆ ಬರ್ರಿ."

"ಹಿಂದಿನ ಬಸ್ಸಿನವರೂ ಇದನ್ನ ಹೇಳ್ತಾರ್ರಿ ಸರ್," ಎಂದ ಯಮನೂರ. "ಇವತ್ತ ಪರೀಕ್ಷಾ ಐತ್ರಿ."

"ಅಪ್ಪನ ಬಸ್ ಅನ್ನೂಹಂಗ ಹತ್ತಾಕ ಬರ್ತಾವ ನೋಡ್ರಿ," ಎಂದಿತು ಒಳಗಿನ ಒಂದು ದನಿ.

ಫಕೀರಪ್ಪ ಬಾಗಿಲ ಹಿಡಿಕೆ ಹಿಡಿದರು. "ಶೇಖರಾ, ಈ ಹುಡುಗನ ಒಂದು ವರ್ಷದ ಪ್ರಶ್ನೆ ಐತಿ. ಹತ್ತಿಸ್ಕೋಪಾ."

"ನಿಮಗೇನ್ರಿ, ರಿಟೈರ್ ಆಗಿ ಆರಾಮ ಅದೀರಿ. ಟಿಕೆಟ್ ಕಲೆಕ್ಷನ್ ಕಡಿಮಿ ಆದ್ರ ಬೈಸ್ಕೊಳ್ಳಾವ್ರು ನಾವು." ಶೇಖರ ಎಲ್ಲರಿಗೂ ಕೇಳುವಂತೆ ಹೇಳಿದ: "ಹೆಗಲಿಗಿ ಬ್ಯಾಗ್ ಕಂಡ್ರ ಬ್ರೇಕ್ ಮ್ಯಾಲೆ ಕಾಲ ಇಡಬ್ಯಾಡಲೇ ತಮ್ಮಾ ಅಂತ ಕಲಿಸಿದಾವ್ರು ಯಾರ್ರಿ? ನೀವ ಅಲ್ಲೇನು?"

ಬಸ್ಸೆಲ್ಲ ನಕ್ಕಿತು.

ಗೋಡೆಯ ಹಿಂದೆ ನೀಲವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ನಮ್ಮ ಮನೆಯವರು ಒಬ್ಬರನ್ನೂ ದಾರಿಯಲ್ಲಿ ಬಿಟ್ಟು ಬಂದವರಲ್ಲ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದವಳು ಅವಳು...

ಫಕೀರಪ್ಪ ತಲೆ ತಗ್ಗಿಸಲಿಲ್ಲ.

"ಹೌದು. ನಾನ ಕಲಿಸೀನಿ."

ನಗು ನಿಂತಿತು.

"ಎಷ್ಟ ಮಕ್ಕಳು ನನ್ನ ಬಸ್ಸಿನ ಧೂಳ ಕುಡದು ಮನಿಗಿ ತಿರುಗಿ ಹೋದವೋ... ಅವರ ಮುಖ ಸೈಡ್ ಕನ್ನಡಿಯಾಗ ಕಾಣ್ತಿತ್ತು ಶೇಖರಾ. ನಾ ಬಸ್ ನಿಲ್ಲಸಲಿಲ್ಲ. ಕನ್ನಡಿ ನೋಡೂದ ಬಿಟ್ಟೆ."

ಅವರು ಬಾಗಿಲ ಹಿಡಿಕೆಯನ್ನು ಇನ್ನೂ ಬಿಗಿಯಾಗಿ ಹಿಡಿದರು.

"ನನ್ನಿಂದ ಕೆಟ್ಟದ್ದು ಕಲತಿ. ಇವತ್ತ ಅದನ್ನ ಬಿಡು. ಇಲ್ಲಂದ್ರ ನಾ ಈ ಬಾಗಿಲಾ ಬಿಡಂಗಿಲ್ಲ. ನನ್ನ ಎಳಕೊಂಡ ಹೋಗು."

ಶೇಖರ ಮುಂದಿನ ರಸ್ತೆಯತ್ತ ಮುಖ ತಿರುಗಿಸಿದ. ಆಮೇಲೆ ತಿರುಗದೆಯೇ ಹೇಳಿದ...

"ಲಗೂನ ಹತ್ರಲೇ."

ಹುಡುಗರು ಹತ್ತಿದರು. ಕೊನೆಗೆ ಉಳಿದ ಯಮನೂರ ಬಗ್ಗಿ ಫಕೀರಪ್ಪನವರ ಕಾಲು ಮುಟ್ಟಲು ಹೋದ. ಅವರು ಗಕ್ಕನೆ ಹಿಂದೆ ಸರಿದರು.

"ನನ್ನ ಕಾಲ ಮುಟ್ಟಬ್ಯಾಡಪಾ. ಹೋಗು, ಪರೀಕ್ಷಾ ಬರಿ."

ಬಸ್ಸು ಹೋಯಿತು. ಅವರು ಇಸ್ತ್ರಿ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಾ ಅಲ್ಲೇ ನಿಂತರು.

ನೀಲವ್ವನಿಗೆ ಓಡಿ ಹೋಗಿ ಕೈ ಹಿಡಿಯಬೇಕೆನಿಸಿತು. ಹಿಡಿದು ಬೈಯಬೇಕು ಅಂತಲೂ ಅನಿಸಿತು. ಎರಡನ್ನೂ ಮಾಡದೆ ಹಿಂದಿನ ಸಂದಿಯಿಂದ ಮನೆ ಸೇರಿದಳು.

ಸಂಜೆ ಯಮನೂರನ ತಾಯಿ ಬಂದಳು. ಮುಖದಲ್ಲಿ ಜೀವ ಬಂದಿತ್ತು.

"ಪರೀಕ್ಷಾ ಚಲೋ ಆತಂತ ಅಕ್ಕಾ. ಬಸ್ ಹೆಂಗ ನಿಂತಿತಲೇ ಅಂದ್ರ ಹೇಳವಲ್ಲ. ಬರೇ ಕಣ್ಣಾಗ ನೀರ ತಗೀತಾನ. ನಿನಗೇನರ ಗೊತ್ತೈತೇನು?"

ಒಳಗೆ ಫಕೀರಪ್ಪ ಕೆಮ್ಮಿದ್ದು ಕೇಳಿಸಿತು.

"ನಿಲ್ಲೂದು ಬಸ್ಸಿನ ಕೆಲಸ. ನಿಂತಿರತೈತಿ ಬಿಡವಾ," ಎಂದಳು ನೀಲವ್ವ.

ಆ ಕ್ಷಣಕ್ಕೇ ಅವಳು ನಿರ್ಧರಿಸಿದಳು... ತಾನು ಕಂಡದ್ದನ್ನು ಈಕೆಗೂ ಹೇಳುವುದಿಲ್ಲ, ತನ್ನ ಮಕ್ಕಳಿಗೂ ಹೇಳುವುದಿಲ್ಲ. ಒಳಗೆ ಕುಳಿತ ಆ ಮನುಷ್ಯನಿಗಂತೂ ಎಂದಿಗೂ ಇಲ್ಲ.

*

ದುಡ್ಡು ಕಟ್ಟಿ ಪಡೆದ ಹಕ್ಕಿಗಾಗಿ ಮಕ್ಕಳು ಬೇಲಿಯ ಹಿಂದೆ ಅಡಗಬೇಕಾಗಿ ಬಂದರೆ, ನಾಚಿಕೆಪಡಬೇಕಾದವರು ಆ ಮಕ್ಕಳಲ್ಲ.

ನೀವು ಕುಳಿತ ಬಸ್ಸು ಅಂಥ ಸ್ಟಾಪನ್ನು ನಿಲ್ಲದೆ ದಾಟಿದಾಗ... ಕಿಟಕಿಯಿಂದ ಆ ಮುಖಗಳನ್ನು ನೋಡಿದ ನೀವು ಏನು ಮಾಡಿದಿರಿ?