ಕಾಲಿಗೆ ಕಟ್ಟಿದ ಕಲ್ಲು

ಎರಡು ಕಾಲನ್ನೂ ಎರಡೆರಡು ಸಲ ಟೇಪಿನಲ್ಲಿ ಅಳೆದ ಕಾಂಪೌಂಡರ್ ಗಂಗಹನುಮಯ್ಯ, ಮುರಿದ ಕಾಲು ಇನ್ನೂ ಅರ್ಧ ಇಂಚು ಗಿಡ್ಡವೇ ಇದೆಯೆಂದು ತಲೆ ಕೆರೆದುಕೊಂಡ. ಮಿಡಿಗೇಶಿಯ ದಿನಸಿ ಅಂಗಡಿ ನಂದೀಶ್ವರಯ್ಯ ಅಂಗಡಿಯೊಳಗೇ ಹಾಕಿದ್ದ ಮಂಚದ ಮೇಲೆ ಅಂಗಾತ ಮಲಗಿ ಸೂರಿನ ಜಂತೆ ಎಣಿಸುತ್ತಿದ್ದ. ಕಾಲು ಉದ್ದವಾಗದ ಕಾರಣ ಅವನೊಬ್ಬನಿಗೇ ಗೊತ್ತಿತ್ತು.

ಮುರಿದ ತೊಡೆ ಮೂಳೆಗೆ ಆರು ವಾರ ಭಾರ ಕಟ್ಟಿ ಎಳೆತ ಕೊಡಬೇಕು, ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಿಲ್ಲ, ಮನೆಯಲ್ಲೇ ಮಾಡಿಕೊಳ್ಳಿ ಎಂದು ಮಧುಗಿರಿಯ ಡಾಕ್ಟರು ಕಳಿಸಿಬಿಟ್ಟಿದ್ದರು. ಎಂಬತ್ತಮೂರರ ಆ ವರ್ಷ ಹೀಗೆ ಮನೆಗೆ ಬರುವವರು ಎಷ್ಟು ಹೆಚ್ಚಿದರೆಂದರೆ, ಬಡಗಿ ಕದರಪ್ಪ ನೇಗಿಲು ಮಾಡುವುದನ್ನು ಬಿಟ್ಟು ಮಂಚಕ್ಕೆ ರಾಟೆ ಕೂರಿಸುವ ಚೌಕಟ್ಟನ್ನೇ ಮಾಡತೊಡಗಿದ್ದ. ಕೊರಟಗೆರೆಯಿಂದಲೂ ಕೇಳಿಕೊಂಡು ಬರುತ್ತಿದ್ದರು. ನಂದೀಶ್ವರಯ್ಯನ ಮಂಚಕ್ಕೆ ಚೌಕಟ್ಟು ಅವನದು, ರಾಟೆ ಬಾವಿಯದು, ಹಗ್ಗ ಎಮ್ಮೆಯದು. ಕಾಲನ್ನು ಎಳೆಯುವ ಐದು ಕೆಜಿ ಭಾರಕ್ಕೆ ಹೆಂಡತಿ ಸರ್ವಮಂಗಳಮ್ಮ ಅಂಗಡಿಯ ಐದು ಕೆಜಿ ತೂಕದ ಕಲ್ಲನ್ನೇ ನೇತುಹಾಕಿದ್ದಳು.

ಆ ಕಬ್ಬಿಣದ ಕಲ್ಲಿನ ತಳವನ್ನು ನಂದೀಶ್ವರಯ್ಯ ಹನ್ನೆರಡು ವರ್ಷದ ಹಿಂದೆ ಶಿರಾದಲ್ಲಿ ಗುಟ್ಟಾಗಿ ಕೊರೆಸಿದ್ದ. ಹೆಂಡತಿಗೂ ಹೇಳಿರಲಿಲ್ಲ. ಅವಳ ಕಿವಿಗೆ ಬಿದ್ದ ಮಾತು ಮಧುಗಿರಿ ಬಸ್ಸಿಗಿಂತ ಮೊದಲೇ ಊರು ದಾಟುತ್ತಿತ್ತು. ಅದರ ಬದಲು ಕೊರೆಸದ ಚಿಕ್ಕ ಕಲ್ಲುಗಳನ್ನು ಕಟ್ಟೆಂದು ಮೂರು ಸಲ ಹೇಳಿ ನೋಡಿದ್ದ, ವ್ಯಾಪಾರಕ್ಕೆ ಬೇಡವೇ ಎಂದು ಅವಳು ಗದರಿದ್ದಳು. ಅವುಗಳಲ್ಲೇ ಅವಳು ತೂಗಿಕೊಟ್ಟ ಅಕ್ಕಿ ಒಂದು ದಿನ ಹೆಚ್ಚಿಗೆ ಬಾಳುವುದನ್ನು ಕಂಡ ಹೆಂಗಸರು ಅವಳ ಕೈಗುಣವನ್ನು ಹೊಗಳಿದ್ದೂ ಹೊಗಳಿದ್ದೇ. ಅದನ್ನು ಕೇಳುತ್ತ ಮಲಗುವುದು ಅವನಿಗೆ ಮುರಿದ ಕಾಲಿಗಿಂತ ಹೆಚ್ಚು ಸಂಕಟವಾಗಿತ್ತು.

"ಈ ವಾರ ಸರಿಹೋಗ್ಲಿಲ್ಲ ಅಂದ್ರೆ ಮೂಳೆ ಇಂಗೇ ಕೂಡ್ಕೊಂಡ್ಬುಡ್ತದೆ ಅಣ್ಣ. ಆಮೇಲೆ ಸಾಯೋಗಂಟ ಕುಂಟೋದೇ" ಎಂದ ಗಂಗಹನುಮಯ್ಯ.

ಅಂಗಡಿಯ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದ ಕರಿಯಕ್ಕ ಅಯ್ಯೋ ಪಾಪ ಎಂದಳು. ಅವಳ ಹಿಂದೆ ಇನ್ನೂ ನಾಲ್ಕು ಜನ ಕತ್ತು ಚಾಚಿದರು. ಭಾರ ಇನ್ನೊಂದಿಷ್ಟು ಹಾಕಿಬಿಡಪ್ಪ ಎಂದು ನಂದೀಶ್ವರಯ್ಯ ಮೆತ್ತಗೆ ಕೇಳಿದ. ಐದರ ಮೇಲೆ ಒಂದು ಗ್ರಾಂ ಹಾಕಿದರೂ ಚರ್ಮ ಕಿತ್ತು ಬರುತ್ತದೆ, ಡಾಕ್ಟರು ನನ್ನ ಕೆಲಸ ಕಳೆಯುತ್ತಾರೆ ಎಂದು ಕಾಂಪೌಂಡರ್ ಒಪ್ಪಲಿಲ್ಲ. ನಿಮ್ಮ ಕಲ್ಲು ಸರಿ ಇದೆಯೇ ಎಂದು ಅವನು ಕೇಳಿದ್ದಕ್ಕೆ ಸರ್ವಮಂಗಳಮ್ಮ ಸಿಡಿದಳು. ಊರಿಗೆ ಊರೇ ನಂಬಿದ ಕಲ್ಲಂತೆ, ಬೇಕಾದರೆ ದೇವರ ಮನೆಯಲ್ಲಿಟ್ಟು ಆಣೆ ಮಾಡುತ್ತಾಳಂತೆ. ಅಷ್ಟಕ್ಕೇ ಬಿಡದೆ ಕಲ್ಲನ್ನು ಬಿಚ್ಚಲು ಹಗ್ಗಕ್ಕೆ ಕೈ ಹಾಕಿದಳು.

"ಆರ್ನೂರು ಗ್ರಾಂ" ಎಂದ ನಂದೀಶ್ವರಯ್ಯ, ಕಣ್ಣು ಮುಚ್ಚಿಕೊಂಡು.

"ಏನು ಆರ್ನೂರು ಗ್ರಾಂ?"

"ಕಲ್ಲು ಕಮ್ಮಿ ಐತೆ ಕಣೇ. ಅಷ್ಟು ಸೇರ್ಸಿದ್ರೆ ಐದಾಯ್ತದೆ."

ಸರ್ವಮಂಗಳಮ್ಮ ಹಗ್ಗ ಬಿಟ್ಟು ಕಡಲೆಕಾಯಿ ಮೂಟೆಯ ಮೇಲೆ ಕುಸಿದಳು. ಗಂಗಹನುಮಯ್ಯನೇ ತಕ್ಕಡಿ ಹಿಡಿದು ಆರುನೂರು ಗ್ರಾಂ ಕಲ್ಲುಪ್ಪು ತೂಗಿ, ಬಟ್ಟೆಯಲ್ಲಿ ಗಂಟು ಕಟ್ಟಿ ಕಬ್ಬಿಣದ ಪಕ್ಕಕ್ಕೆ ಬಿಗಿದ. ಕಾಲು ಮೆಲ್ಲಗೆ ಮುಂದಕ್ಕೆ ಜರುಗಿತು.

ಈಗ ಕರಿಯಕ್ಕ ಬಾಯಿ ಬಿಡುತ್ತಾಳೆ, ಹನ್ನೆರಡು ವರ್ಷದ್ದನ್ನೂ ಜಾಲಾಡುತ್ತಾಳೆ ಎಂದು ನಂದೀಶ್ವರಯ್ಯ ಕಾದ. ಅವಳು ತೂಗಾಡುತ್ತಿದ್ದ ಕಲ್ಲನ್ನು ನೋಡಿದಳು. ಆಮೇಲೆ ಚೀಲವನ್ನು ಸರ್ವಮಂಗಳಮ್ಮನ ಕಡೆ ಚಾಚಿದಳು.

"ಐದು ಕೆಜಿ ಅಕ್ಕಿ ಕೊಡಮ್ಮ. ಅಣ್ಣನ ಕಾಲು ನೆಟ್ಟಗಾದ ಮ್ಯಾಲೂ ಆ ಕಲ್ಲು ಅಲ್ಲೇ ನೇತಾಡ್ಲಿ."