ಹೊಸ ದೋಣಿಯ ಪೂಜೆ

"ದೋಣಿಗೆ ಚಕ್ರವೇ ಇಲ್ಲವಲ್ರೀ, ನಿಂಬೆಹಣ್ಣು ಯಾವುದರ ಕೆಳಗೆ ಇಡ್ತೀರಿ?" ಹುಟ್ಟು ಹಿಡಿದು ಕೂತಿದ್ದ ಪ್ರೇಮಕುಮಾರಿಯ ತಾಳ್ಮೆ ಮುಗಿದಿತ್ತು. ಹೋಂಸ್ಟೇಗೆಂದು ತಂದ ದೋಣಿಯಲ್ಲಿ ಅತಿಥಿಗಳಿಗಿಂತ ಮೊದಲು ತಾನೊಮ್ಮೆ ಎಸ್ಟೇಟಿನ ಕೆರೆ ದಾಟಬೇಕೆಂಬುದು ಅವಳ ಆಸೆ. ಗಂಡ ಮಲ್ಲಿಕಾರ್ಜುನಪ್ಪ ಮಾತ್ರ ಜೀಪಿಗೆ ಮಾಡಿದ್ದನ್ನೆಲ್ಲ ದೋಣಿಗೂ ಮಾಡುತ್ತ, ವಿಭೂತಿ ಹಚ್ಚಿ, ಹಾರ ಹಾಕಿ, ಈಗ ರಾಹುಕಾಲ ನೋಡುತ್ತಿದ್ದರು.

"ಬೇಗ ಮುಗಿಸಿ ಮಾರಾಯ್ರೇ! ಗೆಸ್ಟುಗಳೆಲ್ಲ ತಿಂಡಿ ತಿಂದು ಬಂದ್ರೆ ದೋಣಿ ನನಗೆಲ್ಲಿ ಸಿಗ್ತದೆ?" ಎಂದವಳೇ ಹುಟ್ಟು ಹಾಕಿದಳು. ಸ್ವಲ್ಪ ದೂರ ಹೋದ ದೋಣಿ ಗಕ್ಕನೆ ನಿಂತಿತು. ತಿರುಗಿ ನೋಡಿದರೆ, ಹಿಂಬದಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಗಂಡನ ಮುಷ್ಟಿಯಲ್ಲಿತ್ತು.

"ಬಿಡ್ರೀ!"

"ನಂಗೆ ಈಜು ಬರೋಲ್ಲ ಕಣೇ. ನೀನು ಬಿದ್ರೆ ಎಳೆಯೋಕೆ ಇದೊಂದೇ ಇರೋದು."

"ಹಾಗಾದ್ರೆ ಇನ್ನೊಂದು ಮಾರು ಬಿಡಿ."

ಗೊಣಗುತ್ತ ಬಿಟ್ಟರು. ಅವಳು ಮತ್ತೆ ಕೇಳಿದಳು, ಮತ್ತೆ ಬಿಟ್ಟರು. ಕೊನೆಗೆ ಕೈಯಲ್ಲಿದ್ದ ಸುರುಳಿಯೇ ಮುಗಿಯಿತು. "ಇನ್ನು ಹಗ್ಗ ಇಲ್ಲ, ಬಾ ವಾಪಸ್ಸು!" ಎಂದು ಕೂಗಿದರು. ಅವಳು ಹುಟ್ಟು ಹಾಕುವುದನ್ನು ನಿಲ್ಲಿಸಲಿಲ್ಲ. ಆ ಕೆರೆಗೆ ಎಂದೂ ಕಾಲಿಡದಿದ್ದ ಮಲ್ಲಿಕಾರ್ಜುನಪ್ಪ, ಹೆಂಡತಿಯನ್ನು ಬಾಯ್ತುಂಬ ಬೈಯುತ್ತಲೇ, ಪಂಚೆ ಎತ್ತಿ ಕಟ್ಟಿ, ಹಗ್ಗದ ತುದಿ ಬಿಡದೆ ನೀರಿಗಿಳಿದರು.