ತಗಡಿನ ಇನ್ನೊಂದು ತುದಿ

ಕಾರಿನ ಬಾನೆಟ್ಟಿಗೆಂದು ಬಡಿಯುತ್ತಿದ್ದ ಅಲ್ಯೂಮಿನಿಯಂ ತಗಡು ಅಂಚಿನಿಂದ ಒಂದು ಗೇಣು ಒಳಕ್ಕೆ ಸೀಳಿತು. ಸುರಕ್ಷಾ ಮರದ ಸುತ್ತಿಗೆಯನ್ನು ಕೆಳಗಿಟ್ಟು, ಮರಳು ಚೀಲದ ಮೇಲಿದ್ದ ತಗಡಿನ ಸೀಳಿನುದ್ದಕ್ಕೂ ಬೆರಳಾಡಿಸಿದಳು. ಸದ್ದು ನಿಂತದ್ದು ಕೇಳಿ ಬಂದ ಅವಳ ಮಾವ ಸಂಕಪ್ಪ ಶೆಟ್ಟರು ಶೆಡ್ಡಿನ ಬಾಗಿಲಲ್ಲೇ ನಿಂತರು.

"ಕಾಯಿಸದೆ ಬಡಿದೆ ಮಾವ," ಎಂದಳು. "ಗ್ಯಾಸ್ ಬರುವವರೆಗೆ ತಡೆಯಬೇಕಿತ್ತು. ತಪ್ಪು ನನ್ನದೇ."

ಶೆಟ್ಟರು ಮನೆಯ ಕಡೆ ತಿರುಗಿದರು.

ಆ ಕಾರಿನ ಕೆಲಸ ಶುರು ಮಾಡಿದ್ದು ಅವರ ಮಗ ಶೋಧನ್. ನಾರಾವಿಯ ಮನೆಯ ಹಿಂದೆ ಶೆಡ್ಡು ಹಾಕಿ, ಹಳೆಯ ಕಾರೊಂದರ ಎಂಜಿನ್ ತಂದು, ಇಬ್ಬರು ಕೂರುವ ಸಣ್ಣ ಕಾರನ್ನು ಕೈಯಾರೆ ಕಟ್ಟಲು ಹೊರಟಿದ್ದ. ಚೌಕಟ್ಟು ಮುಗಿದು ಮೈ ಹೊದಿಸುವ ಹೊತ್ತಿಗೆ ಡೆಂಗ್ಯೂ ಜ್ವರದಲ್ಲಿ ತೀರಿಕೊಂಡ. ಅವನು ಕೆಲಸ ಮಾಡುವಾಗ ತಗಡಿನ ಇನ್ನೊಂದು ತುದಿ ಹಿಡಿಯುತ್ತಿದ್ದವಳು ಹೆಂಡತಿ ಸುರಕ್ಷಾ. ಬಡಿದಷ್ಟೂ ಅಲ್ಯೂಮಿನಿಯಂ ಗಡುಸಾಗುತ್ತದೆ ಎಂಬುದನ್ನು, ಆಗ ಅದರ ಮೇಲೆ ಸಾಬೂನಿನ ಗೆರೆ ಎಳೆದು ಆ ಗೆರೆ ಕಪ್ಪಾಗುವವರೆಗೆ ಗ್ಯಾಸಿನ ಬೆಂಕಿ ತೋರಿಸಿದರೆ ಮತ್ತೆ ಮೆತ್ತಗಾಗುತ್ತದೆ ಎಂಬುದನ್ನು ಅವಳು ನೋಡಿ ನೋಡಿಯೇ ಕಲಿತಿದ್ದಳು. ಅವನು ಹೋಗಿ ವರ್ಷ ಕಳೆದ ಮೇಲೆ ಒಂದು ದಿನ ಯಾರನ್ನೂ ಕೇಳದೆ ಶೆಡ್ಡಿನ ಬೀಗ ತೆಗೆದಳು. ಅಂದಿನಿಂದ ಶಾಲೆಯಲ್ಲಿ ಪಾಠ ಮುಗಿಸಿ ಬಂದವಳು ಚಹಾ ಕುಡಿದು ಶೆಡ್ಡಿಗೆ ಹೋಗುತ್ತಿದ್ದಳು. ಶೆಟ್ಟರು ಮಾತ್ರ ಅದರ ಹೊಸಿಲು ದಾಟಿದವರಲ್ಲ.

ಈ ನಡುವೆ ಸುರಕ್ಷಾಳಿಗೆ ಉಜಿರೆಯಿಂದ ಒಂದು ಸಂಬಂಧ ಬಂತು. ಹುಡುಗ ಲತೇಶ್, ಕಾಲೇಜಿನಲ್ಲಿ ಕೆಲಸ, ಒಳ್ಳೆಯವನೆಂದು ಎಲ್ಲರೂ ಹೇಳುತ್ತಿದ್ದರು. ಸುರಕ್ಷಾಳ ತಾಯಿ ಬಂದು ವಿಷಯ ತೆಗೆದಾಗ ಅವಳು ಬೇಡ ಎನ್ನಲಿಲ್ಲ. ಕಾರು ಮುಗಿಯಲಿ, ಆಮೇಲೆ ನೋಡುವ ಎಂದಳು. ಚಾವಡಿಯಲ್ಲಿ ಕೂತಿದ್ದ ಶೆಟ್ಟರ ಕಿವಿಗೆ ಆ ಮಾತು ಬಿತ್ತು. ಮರುವಾರ ಶೆಡ್ಡಿನ ಖಾಲಿ ಗ್ಯಾಸ್ ಸಿಲಿಂಡರನ್ನು ಜೀಪಿಗೆ ಹಾಕಿಕೊಂಡು ಮೂಡುಬಿದಿರೆಗೆ ಹೋದವರು, ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿಸಿ, ಇಳಿಯದೆ ಹಾಗೆಯೇ ವಾಪಸು ಬಂದರು. ಸ್ಟಾಕ್ ಇಲ್ಲವಂತೆ ಎಂದು ಸೊಸೆಗೆ ಹೇಳಿದರು. ಅವಳು ಮತ್ತೆ ಕೇಳಿದಾಗಲೂ ಅದನ್ನೇ ಹೇಳಿದರು. ಅವಳು ನಂಬಿದ್ದಳು.

ಒಳಗೆ ಅಕ್ಕಿ ಆರಿಸುತ್ತಿದ್ದ ಹೆಂಡತಿ ಕಾಂತಿ ಈಗ ಶೆಡ್ಡಿನ ಕಡೆಯಿಂದ ಬಂದ ಗಂಡನ ಮುಖ ನೋಡಿ ಏನಾಯಿತೆಂದು ಕೇಳಿದರು. ತಗಡು ಸೀಳಿತು, ತಪ್ಪು ತನ್ನದೇ ಎನ್ನುತ್ತಾಳೆ ಎಂದರು ಶೆಟ್ಟರು.

"ಸಿಲಿಂಡರ್ ಜೀಪಿನ ಹಿಂದೆ ಕಟ್ಟಿದ ಹಾಗೆಯೇ ಉಂಟು," ಎಂದರು ಕಾಂತಿ ಮೆಲ್ಲಗೆ. "ನೀವು ಅದರ ಹಗ್ಗವನ್ನೇ ಬಿಚ್ಚಿಲ್ಲ. ನನಗೆ ಕಾಣುವುದಿಲ್ಲ ಅಂತ ಮಾಡಿದ್ರಾ?"

ಶೆಟ್ಟರು ಗೋಡೆಗೆ ಒರಗಿ ಕೂತರು. "ಅವಳೂ ಹೋದರೆ ಈ ಮನೆಯಲ್ಲಿ ಅವನ ಹೆಸರು ಹೇಳುವವರು ಯಾರುಂಟು?"

"ನಾವಿಲ್ಲವಾ? ಆದರೆ ನಾವು ಹೇಳುವುದಿಲ್ಲ. ಅದಕ್ಕೇ ಅವಳು ಶೆಡ್ಡಿಗೆ ಹೋಗುವುದು."

ಶೆಟ್ಟರು ಎದ್ದರು. ಅಂಗಿ ಹಾಕಿಕೊಂಡು ಜೀಪು ತೆಗೆದರು. ಬಿಸಿಲು ಇಳಿಯುವ ಮೊದಲೇ ತುಂಬಿದ ಸಿಲಿಂಡರನ್ನು ಹೊತ್ತು ತಂದು ಶೆಡ್ಡಿನೊಳಗೆ ಇಟ್ಟರು. ಸ್ಟಾಕ್ ಬಂತಾ ಎಂದು ಸುರಕ್ಷಾ ಕೇಳಿದಳು. ಸ್ಟಾಕ್ ಮೊದಲೇ ಇತ್ತು, ತಾನೇ ತರಲಿಲ್ಲ ಎಂದು ಅವರು ನೆಲ ನೋಡುತ್ತಾ ಹೇಳಿದರು. ಯಾಕೆ ಎಂದು ಅವಳು ಕೇಳಲಿಲ್ಲ. ನಾಳೆ ಆದಿತ್ಯವಾರ, ಹೊಸ ತಗಡು ಕತ್ತರಿಸುತ್ತೇನೆ, ಹಿಡಿಯಲು ಬರಬಹುದಾ ಎಂದು ಮಾತ್ರ ಕೇಳಿದಳು.

ಬಾನೆಟ್ಟಿನ ತಗಡು ಅಗಲವಾದದ್ದು. ಒಂದರ ಮೇಲೊಂದು ಕೂತ ಎರಡು ಉಕ್ಕಿನ ಗಾಲಿಗಳ ನಡುವೆ ಅದನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ಉಬ್ಬಿಸಬೇಕು. ಒಬ್ಬರೇ ಹಿಡಿದರೆ ಜೋತುಬಿದ್ದ ಕಡೆ ಮಡಿಕೆ ಬೀಳುತ್ತದೆ. ಬೆಳಿಗ್ಗೆ ಅವಳು ಬೆಂಕಿ ತೋರಿಸಿ ಮೆತ್ತಗೆ ಮಾಡಿದ ತಗಡಿನ ಆಚೆ ತುದಿಯನ್ನು ಶೆಟ್ಟರು ಹಿಡಿದುಕೊಂಡರು. ಬಲ ಹಾಕಿ ತಮ್ಮ ಕಡೆಗೇ ಸೆಳೆಯುತ್ತಿದ್ದರು, ತಗಡು ಓರೆಯಾಗಿ ಹೋಗುತ್ತಿತ್ತು.

"ಎಳೆಯಬೇಡಿ ಮಾವ," ಎಂದಳು ಸುರಕ್ಷಾ. "ಭಾರ ಮಾತ್ರ ಹಿಡಿಯಿರಿ. ನನ್ನ ಕಡೆ ಬರುವಾಗ ಬಿಟ್ಟುಕೊಡಿ."

ಒಂದೆರಡು ಸಲ ತಪ್ಪಿತು. ಆಮೇಲೆ ಕೈ ಪಳಗಿ, ಗಾಲಿಗಳು ಒಂದೇ ಸದ್ದಿನಲ್ಲಿ ತಿರುಗತೊಡಗಿದವು. ಕೆಲಸದ ನಡುವೆ ಶೆಟ್ಟರು ತಾವಾಗಿಯೇ ಮಾತು ತೆಗೆದರು. ಶೋಧನ್ ಚಿಕ್ಕವನಿದ್ದಾಗ ಅಮ್ಮನ ಪಾತ್ರೆಯ ಮುಚ್ಚಳವನ್ನು ಬಡಿದು ದೋಣಿ ಮಾಡಿ ಹೊಳೆಗೆ ಬಿಟ್ಟದ್ದನ್ನು, ಅದು ಮುಳುಗಿದಾಗ ಇನ್ನೊಂದು ಮುಚ್ಚಳ ಕೇಳಲು ಬಂದದ್ದನ್ನು ಹೇಳಿದರು. ಮಗ ಹೋದ ಮೇಲೆ ಅವನ ಹೆಸರು ಅವರ ಬಾಯಿಂದ ಬಂದದ್ದು ಅದೇ ಮೊದಲು. ಸುರಕ್ಷಾ ನಕ್ಕಳು. ಒಮ್ಮೆ ಮಾತ್ರ ಕೆಲಸ ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಊಟದ ಹೊತ್ತಿಗೆ ಬಾನೆಟ್ಟು ಚೌಕಟ್ಟಿನ ಮೇಲೆ ಸರಿಯಾಗಿ ಕೂತಿತು. ಇನ್ನೇನು ಬಾಕಿ ಉಂಟು ಎಂದು ಶೆಟ್ಟರು ಕೇಳಿದರು.

"ಎರಡು ಬಾಗಿಲು, ಮಾವ. ಅದಕ್ಕೂ ಇಬ್ಬರು ಬೇಕು. ನೀವು ಬರುತ್ತೀರಲ್ಲ?"

ಶೆಟ್ಟರು ಹೆಗಲ ಬೈರಾಸಿನಿಂದ ಕೈ ಒರೆಸಿಕೊಳ್ಳುತ್ತಾ ಹೊರಗೆ ನೋಡಿದರು.

"ಬಾಗಿಲಿಗೆ ಆ ಉಜಿರೆಯ ಹುಡುಗನನ್ನು ಬರಲಿಕ್ಕೆ ಹೇಳು," ಎಂದರು. "ಹಿಡಿಯುವುದು ಹೇಗೆಂದು ನಾನು ತೋರಿಸಿಕೊಡುತ್ತೇನೆ."